ಹೆದ್ದಾರಿಯೂ ಊರ ಅಂಗಡಿಯೂ

ಬೆಂಗಳೂರು-ಮೈಸೂರು ರಾಜಮಾರ್ಗದ ಊರುಗಳ ಹೆಸರೆತ್ತಿದೊಡನೆ ಅಲ್ಲಿಯ ಸರಕೂ ನೆನಪಿಗೆ ಬರುವುದು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ, ಮದ್ದೂರಿನ ವಡೆ, ಮಂಡ್ಯದ ಬೆಲ್ಲ, ಇವುಗಳಿಗೆಲ್ಲ ದಾರಿಹೋಕನು ದೊಡ್ಡ ಗಿರಾಕಿ. ದಾರಿಯು ಊರನ್ನು ಬೆಳೆಸಿತು. ಬೆಳೆದ ಊರು ದಾರಿಯನ್ನು ಇಕ್ಕಟ್ಟುಗೊಳಿಸಿತು. ಅಂಗಡಿಯ ಮುಂದೆ ಒಂದು ಕಾರು ನಿಂತರೆ ಅದರ ಹಿಂದೆ ದೂರದೂರಿಗೆ ಹೋಗತಕ್ಕ ನೂರು ವಾಹನಗಳು ನಿಲ್ಲಬೇಕಾಯಿತು.

ಇದಕ್ಕೆ ಸರಕಾರವು ಕಂಡುಕೊಂಡ ಪರಿಹಾರವು ಸರ್ವವಿದಿತವಾದುದು. 2023ನೆಯ ಮಾರ್ಚಿ 12ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದ ಸುಮಾರು 118 ಕಿಲೋಮೀಟರಿನ ಹೊಸ ಹೆದ್ದಾರಿಯು ಈ ಊರುಗಳನ್ನು ಬಳಸಿಕೊಂಡು ಹೊರಗಿನಿಂದಲೇ ಸಾಗುತ್ತದೆ. ನಡುವೆ ಆರು ಪಥಗಳು. ಇಬ್ಬದಿಗಳಲ್ಲಿ ಎರಡೆರಡು ಪಥಗಳ ಸೇವಾರಸ್ತೆ. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರುಗಳಿಗೆ ನಡುಪಥಗಳಲ್ಲಿ ಪ್ರವೇಶವಿಲ್ಲ. ಪ್ರಯಾಣಿಕನಿಗೆ ಕಾಲ ಉಳಿಯಿತು. ಹಳೆಯ ದಾರಿಯ ವ್ಯಾಪಾರಿಗೆ ಗಿರಾಕಿ ತಪ್ಪಿದನು.

ಬೇಲಿಯನ್ನು ಅಲ್ಲಲ್ಲಿ ತೆರೆಯಬೇಕೆಂಬುದು ಒಂದು ಪಕ್ಷ. ಅಂಗಡಿಕಾರನ ಗೋಳು ಹೆದ್ದಾರಿಗೆ ಸಂಬಂಧಿಸಿದ್ದಲ್ಲವೆಂಬುದು ಇನ್ನೊಂದು. ಎರಡನ್ನೂ ನಾವು ಒಪ್ಪಲಾರೆವು. ರಸ್ತೆಯ ಸಾಮರ್ಥ್ಯವು ಕೇವಲ ಅದರ ಅಗಲದಿಂದ ಬರತಕ್ಕದ್ದಲ್ಲ. ಒಳಬರುವ, ಹೊರಹೋಗುವ ಬಾಯಿಗಳು ಹೆಚ್ಚಿದಷ್ಟೂ ವೇಗವಾಗಿ ಬರುವ ವಾಹನವೂ ತಿರುಗಲು ನಿಧಾನಿಸುವ ವಾಹನವೂ ಒಂದಕ್ಕೊಂದು ಅಡ್ಡಬೀಳುವುವು; ಓಟವೂ ಕುಂದುವುದು, ಪ್ರಾಣಾಪಾಯವೂ ಹೆಚ್ಚುವುದು. ಆದರೆ ದಾರಿಯನ್ನು ನಂಬಿ ಬಾಳಿದ ಕಸಬುದಾರನನ್ನು ಬೇಲಿಯಾಚೆಗೆ ಬಿಟ್ಟು ಮರೆಯುವುದೂ ರಾಷ್ಟ್ರಾಭ್ಯುದಯವೆನಿಸದು.

ತೊಡಕಿನ ಮೂಲವು ಅಧಿಕಾರದ ಒಡಕಿನಲ್ಲಿದೆ. ಹೆದ್ದಾರಿಗೆ ಪ್ರವೇಶವನ್ನು ನಿಯಂತ್ರಿಸುವ, ಒತ್ತುವರಿಯನ್ನು ತೆರವುಗೊಳಿಸುವ ಅಧಿಕಾರವನ್ನು 2002ರ ಕೇಂದ್ರ ಕಾಯಿದೆಯು ಹೆದ್ದಾರಿ ಆಡಳಿತಕ್ಕೆ ಕೊಟ್ಟಿದೆ. ಪಕ್ಕದ ನೆಲದಲ್ಲಿ ಏನು ಕಟ್ಟಬಹುದೆಂಬುದನ್ನು ನಿರ್ಣಯಿಸುವವರು 1961ರ ರಾಜ್ಯ ಕಾಯಿದೆಯಂತೆ ನಡೆಯುವ ಯೋಜನಾ ಪ್ರಾಧಿಕಾರದವರು. ಒಬ್ಬರು ಬಾಗಿಲು ಮುಚ್ಚುವಲ್ಲಿ ಇನ್ನೊಬ್ಬರು ಅಂಗಡಿಗೆ ಪರವಾನಗಿ ಕೊಟ್ಟರೆ ಫಲವೇನು?

ಆದಕಾರಣ ನಮ್ಮ ಸೂಚನೆಗಳು ಇವು. ಹೆದ್ದಾರಿಯ ಅಂಚಿನ ಕಟ್ಟಡಗಳಿಗೆ ಎರಡು ಅಧಿಕಾರಗಳೂ ಕೂಡಿ ವಿಚಾರಿಸಿದ ಮೇಲೆಯೇ ಅಪ್ಪಣೆ ಸಿಕ್ಕಬೇಕು. ಸೇವಾರಸ್ತೆಯು ಹಳ್ಳ, ರೈಲುದಾರಿಗಳಲ್ಲಿಯೂ ಕಡಿಯದೆ ಸಾಗಬೇಕು. ಅಂಗಡಿಗಳು ಅದಕ್ಕೆ ಮಾತ್ರ ಮುಖಮಾಡಿರಬೇಕು. ಹೆದ್ದಾರಿಯ ತಂಗುದಾಣಗಳಲ್ಲಿ ಆಯಾ ಊರಿನ ಕಸಬುದಾರರಿಗೆ ಮಿತವಾದ ಬಾಡಿಗೆಯ ಮಳಿಗೆಗಳನ್ನು ಮೀಸಲಿಡಬೇಕು. ಲಾರಿಗಳ ಕಾಟ ತಗ್ಗಿದ ಹಳೆಯ ದಾರಿಯನ್ನು ಪುರಸಭೆಗಳು ಕಾಲುದಾರಿ, ನೆರಳು, ವಾಹನ ನಿಲ್ಲಿಸುವ ತಾಣಗಳಿಂದ ಸಜ್ಜುಗೊಳಿಸಿ ಒಳ್ಳೆಯ ಪೇಟೆಬೀದಿಯನ್ನಾಗಿ ಮಾಡಬೇಕು. ಊರು ಎಲ್ಲಿದೆ, ಅಲ್ಲಿ ಏನು ದೊರೆಯುವುದೆಂಬ ಫಲಕವು ಹೆದ್ದಾರಿಯಿಂದ ಇಳಿಯುವ ಬಾಯಿಗೆ ಮುಂಚೆಯೇ ಕಾಣಬೇಕು.

ಇಷ್ಟನ್ನು ಮಾಡದೆ ಹೊಸ ಹೆದ್ದಾರಿಯನ್ನೂ ಸಂತೆಬೀದಿಯನ್ನಾಗಿ ಬಿಟ್ಟುಕೊಟ್ಟರೆ, ಕೆಲವು ವರ್ಷಗಳಲ್ಲಿ ಅದಕ್ಕೂ ಒಂದು ಬಳಸುದಾರಿ ಬೇಕಾಗುವುದು. ಆ ದಾರಿಗೆ ನೆಲವು ಆಕಾಶದಿಂದ ಇಳಿಯತಕ್ಕದ್ದಲ್ಲ. ರೈತನ ಗದ್ದೆಯಿಂದಲೇ ಬರತಕ್ಕದ್ದು. ನಮ್ಮ ಅಧಿಕಾರಿಗಳೂ ಪೌರರೂ ಇದನ್ನು ಈಗಲೇ ಮನಗಾಣಬೇಕು.