ಅರ್ಕಾವತಿ ನೀರು ಎಲ್ಲಿ ಹೋಯ್ತು? ನಕ್ಷೆಯನ್ನೇ ಕೇಳಿ!

ದೊಡ್ಡಬಳ್ಳಾಪುರ: ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ಹಾದು ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿ ಕಾಗದದ ಮೇಲೆ ಇವತ್ತಿಗೂ ನದಿಯೇ. ನೀಲಿ ಗೆರೆ ಅಳಿಸಿಲ್ಲ. ಆದರೆ ಹೆಸರಘಟ್ಟದ ಮೇಲ್ಭಾಗಕ್ಕೆ ಹೋಗಿ ನೋಡಿ. ವರ್ಷದ ಬಹುಪಾಲು ಆ ಗೆರೆಯಲ್ಲಿ ಹನಿ ನೀರಿಲ್ಲ!

1894ರಲ್ಲಿ ಹೆಸರಘಟ್ಟ ಕೆರೆ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದ್ದು ಇದೇ ನದಿಯನ್ನು ನಂಬಿ. 1974ರಲ್ಲಿ ಕಾವೇರಿ ನೀರು ಬರುವ ತನಕ ಬೆಂಗಳೂರಿನ ದಾಹ ತೀರಿಸಿದವಳು ಇವಳೇ. ಈಗ ಇವಳಿಗೇ ದಾಹ.

ಏಕೆ ಹೀಗಾಯ್ತು? ‘ಮಳೆ ಕಮ್ಮಿಯಾಯ್ತು ಕಣ್ರೀ’ ಎನ್ನುವವರು ಕೆಲವರು. ‘ಕಾಲುವೆ ಹೂಳು ತೆಗೆಸಿದ್ರೆ ಎಲ್ಲಾ ಸರಿಹೋಗುತ್ತೆ’ ಎನ್ನುವವರು ಹಲವರು. ಹೂಳು ತೆಗೆಯುವ ಯಂತ್ರಗಳು ಬಂದವು, ಹೋದವು. ನೀರು ಮಾತ್ರ ಬರಲಿಲ್ಲ.

ನೀರಿನ ಎಲ್ಲೆ ಬೇರೆ

ತಾಲ್ಲೂಕಿನ ಗಡಿ ಹಾಕಿದ್ದು ಸರ್ಕಾರ. ನೀರಿಗೆ ಆ ಗಡಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಇಳಿಜಾರೊಂದೇ. ಸುತ್ತಲ ದಿಣ್ಣೆಗಳ ನೆತ್ತಿಯನ್ನು ಕೂಡಿಸುತ್ತಾ ಒಂದು ಗೆರೆ ಎಳೆದರೆ ಅದೇ ಜಲಾನಯನದ ಎಲ್ಲೆ. ಅದರೊಳಗೆ ಬಿದ್ದ ಮಳೆ ಕೆರೆಯಿಂದ ಕೆರೆಗೆ ಕೋಡಿ ಹರಿದು ಕೊನೆಗೆ ನದಿಗೇ ಬರಬೇಕು. ತಿಪ್ಪಗೊಂಡನಹಳ್ಳಿಗೆ ನೀರು ಬರಬೇಕಾದರೆ ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿ, ಬೆಂಗಳೂರು ಉತ್ತರ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ಹಿಂದೆ ಸರ್ವೆ ಆಫ್ ಇಂಡಿಯಾದ ಟೋಪೋ ಶೀಟು ಹರಡಿ ಪೆನ್ಸಿಲಿನಲ್ಲಿ ಎಳೆಯುತ್ತಿದ್ದ ಗೆರೆ ಇದು. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದ ನೆಲದ ಏರುತಗ್ಗಿನ ಲೆಕ್ಕ ಸಿದ್ಧವಾಗಿದೆ. ಯಾವ ಹೊಲದ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ ಎಂದು ಕಂಪ್ಯೂಟರೇ ಗೆರೆ ಎಳೆದು ತೋರಿಸುತ್ತದೆ.

ಕಳ್ಳ ಸಿಕ್ಕ!

ಆ ನಕ್ಷೆಯ ಮೇಲೆ ಬೇರೆ ಬೇರೆ ವರ್ಷದ ಉಪಗ್ರಹ ಚಿತ್ರಗಳನ್ನು ಇಟ್ಟು ನೋಡಿದರೆ ಕಥೆ ಹೊರಬೀಳುತ್ತದೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ತೋಪು! ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹಾಗೂ ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ, ನದಿ ಬತ್ತಿದ್ದಕ್ಕೆ ಮಳೆಯನ್ನು ದೂರುವಂತಿಲ್ಲ ಎಂದಿತು. ಅವರು ಬೆರಳು ತೋರಿಸಿದ್ದು ಬೋರ್‌ವೆಲ್ ಮತ್ತು ನೀಲಗಿರಿಯತ್ತ. ಅಲ್ಲಲ್ಲಿ ಹಳ್ಳಗಳಿಗೆ ಹಾಕಿದ ಒಡ್ಡುಗಳ ಮೇಲೂ ಅನುಮಾನ ಪಟ್ಟರು.

ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗಿಳಿದರೆ ಒರತೆ ನಿಲ್ಲುತ್ತದೆ. ಬಂದ ಮಳೆಯನ್ನೂ ಒಣ ನೆಲವೇ ಹೀರುತ್ತದೆ. ಹೂಳು ತೆಗೆದರೆ ಏನು ಬಂತು? 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬೋರ್‌ವೆಲ್‌ಗೆ ಕಡಿವಾಣ ಹಾಕುವುದು ಅಷ್ಟು ಸುಲಭವಲ್ಲ. ರೈತನ ತುತ್ತು ಅದರಲ್ಲೇ ಇದೆ.

ನಕ್ಷೆಗೂ ಕಾಣದ್ದು

ಉಪಗ್ರಹಕ್ಕೆ ತೋಪು ಕಾಣುತ್ತದೆ, ಕೆರೆ ಕಾಣುತ್ತದೆ. ಯಾರ ಬೋರು ಎಷ್ಟು ಅಡಿ ಇಳಿದಿದೆ, ಎಷ್ಟು ಹೊತ್ತು ಪಂಪು ಓಡುತ್ತದೆ, ಎಲ್ಲಿ ತೂಬು ಮುರಿದಿದೆ ಎಂಬುದು ಊರಿನ ನೀರಗಂಟಿಗೆ ಗೊತ್ತು, ಹೊಲದವನಿಗೆ ಗೊತ್ತು. ಆ ಲೆಕ್ಕವೂ ನಕ್ಷೆಗೆ ಏರಬೇಕು. ಮೇಲಿನ ಊರು ಒಡ್ಡು ಹಾಕಿದರೆ ಕೆಳಗಿನ ಕೆರೆಗೆ ಎಷ್ಟು ಖೋತಾ ಎಂಬುದನ್ನು ಎರಡೂ ಊರಿನವರು ಒಂದೇ ನಕ್ಷೆಯ ಮುಂದೆ ಕೂತು ನೋಡಬೇಕು.

ಉಪಗ್ರಹ ಆಕಾಶದಿಂದ ನೋಡಿ ಹೇಳಿದ್ದಾಯ್ತು. ಗುದ್ದಲಿ ಪೂಜೆಗೆ ಮುಂಚೆ ಒಮ್ಮೆ ನಕ್ಷೆ ಬಿಡಿಸಿ ನೋಡಲು ಸಂಬಂಧಪಟ್ಟವರಿಗೆ ಪುರುಸೊತ್ತು ಇದೆಯೇ?