ಏರಿ ಯಾವುದು, ಕೆರೆ ಯಾವುದು: ಹೊಸೂರು ಸೀಮೆಯಲ್ಲಿ ನಗರ ಯೋಜನೆಯನ್ನು ಓದುವುದು

ಕನ್ನಡ ಎಂ.ಎ. ಓದುವವರಿಗೆ ನಗರ ಯೋಜನೆಯ ಗೊಡವೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಈ ವಿಷಯಕ್ಕೆ ನಾನು ಬಂದದ್ದು ಒಂದೇ ಒಂದು ಪದದ ಮೂಲಕ. ಅದರಿಂದಲೇ ಶುರು ಮಾಡ್ತೀನಿ.

ನಮ್ಮೂರು ಹೊಸೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ನಮ್ಮ ತಾತ ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ತಮಿಳನ್ನು ಸರಾಗವಾಗಿ ಮಾತಾಡ್ತಾರೆ, ಓದೋದು ಮಾತ್ರ ಅಕ್ಷರ ಕೂಡಿಸಿಕೊಂಡು. ಎರಡು ವರ್ಷದ ಹಿಂದೆ ಒಂದು ಕಚೇರಿಯ ಗೋಡೆ ಮೇಲೆ ಕರಡು ಯೋಜನೆಯ ಪ್ರಕಟಣೆ ಅಂಟಿಸಿದ್ದರು. ಹೊಸ ರಸ್ತೆಯೊಂದು ‘ಏರಿ’ಯ ಪಕ್ಕದಲ್ಲಿ ಹಾದುಹೋಗುತ್ತೆ ಅಂತ ಅದರಲ್ಲಿತ್ತು. ತಾತ ಓದಿ, ‘ನಮಗೇನೂ ತೊಂದರೆ ಇಲ್ಲ’ ಅಂತ ನಿರಾಳವಾಗಿ ಮನೆಗೆ ಬಂದರು. ಯಾಕಂದ್ರೆ ನಮ್ಮ ಹೊಲ ಏರಿಯ ಕಡೆ ಇಲ್ಲ. ಅದಕ್ಕೆ ಎದುರು ದಿಕ್ಕಿನಲ್ಲಿ, ಕೆರೆಗೆ ನೀರು ಬಂದು ಸೇರುವ ಕಡೆ ಇದೆ. ಮುಂದಿನ ವರ್ಷ ಅಳತೆಯವರು ಬಂದರು. ನಮ್ಮ ರಾಗಿ ಹೊಲದ ನಡುವೆ ಕಲ್ಲು ನೆಟ್ಟು ಹೋದರು.

ಆದದ್ದು ಇಷ್ಟು. ಕನ್ನಡದಲ್ಲಿ ‘ಏರಿ’ ಅಂದ್ರೆ ಕೆರೆಯ ಕಟ್ಟೆ, ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಒಡ್ಡು. ತಮಿಳಿನಲ್ಲಿ ‘ಏರಿ’ ಅಂದ್ರೆ ಕೆರೆಯೇ. ಸಾಲದ್ದಕ್ಕೆ, ನಮ್ಮ ‘ಕೆರೆ’ಯಂತೆಯೇ ಕೇಳಿಸುವ ತಮಿಳಿನ ‘ಕರೈ’ಗೆ ದಡ ಎಂಬ ಅರ್ಥ. ದ್ರಾವಿಡ ಭಾಷಾವಿಜ್ಞಾನದ ತರಗತಿಯಲ್ಲಿ ಜ್ಞಾತಿಪದಗಳ ಪಟ್ಟಿಯಲ್ಲಿ ‘ಏರಿ’ಯನ್ನು ನಾನೂ ಬರೆದುಕೊಂಡಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಅಂಕವೋ ಏನೋ ಇರುತ್ತೆ. ನಮ್ಮ ಮನೆಗೆ ಅದು ಒಂದೂವರೆ ಎಕರೆಯ ಪ್ರಶ್ನೆಯಾಯಿತು.

ಯೋಜನೆ ಎಂಬ ಪಠ್ಯ

ಯೋಜನೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ನಕ್ಷೆ, ಬಣ್ಣ, ಗೆರೆ. ಆದರೆ ಕಾನೂನಿನ ಕಣ್ಣಲ್ಲಿ ಅದು ಒಂದು ಪಠ್ಯವೂ ಹೌದು. ಬರೆಯುವವರು, ಪ್ರಕಟಿಸುವವರು, ಓದಿ ಪ್ರತಿಕ್ರಿಯೆ ಕೊಡುವವರು ಎಲ್ಲರೂ ಅದಕ್ಕೆ ಬೇಕು. ಹೊಸೂರು ಸೀಮೆಗೆ ಅನ್ವಯಿಸುವುದು 1971ರ ತಮಿಳುನಾಡು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಲ್ಲಿ ಯೋಜನೆಗಳಿಗೆ ಮಟ್ಟಗಳಿವೆ. ದೊಡ್ಡ ಪ್ರದೇಶಕ್ಕೆ ಪ್ರಾದೇಶಿಕ ಯೋಜನೆ, ಒಂದು ಊರು ಮತ್ತು ಅದರ ಸುತ್ತಿಗೆ ಮಾಸ್ಟರ್ ಪ್ಲಾನ್, ಹೊಸ ಪಟ್ಟಣಕ್ಕೆ ಬೇರೆ ಯೋಜನೆ, ಕೊನೆಗೆ ಬೀದಿ, ಸರ್ವೇ ನಂಬರ್ ಮಟ್ಟಕ್ಕೆ ಇಳಿಯುವ ವಿವರವಾದ ಅಭಿವೃದ್ಧಿ ಯೋಜನೆ. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳಬೇಕು. ಅದಕ್ಕೆ ಕನಿಷ್ಠ ಎರಡು ತಿಂಗಳ ಅವಕಾಶ ಕೊಡಬೇಕು.

ಈ ಎರಡು ತಿಂಗಳೇ ಸಾಮಾನ್ಯ ಜನ ಯೋಜನೆಯೊಳಗೆ ಕಾಲಿಡುವ ಬಾಗಿಲು. ಬಾಗಿಲು ತೆರೆದಿತ್ತು, ನಮ್ಮ ತಾತ ಅದರ ಮುಂದೆ ನಿಂತೂ ಇದ್ದರು. ಓದಿದ್ದು ತಪ್ಪಾದ್ದರಿಂದ ಒಳಗೆ ಹೋಗಲಿಲ್ಲ.

ಶೆರ‍್ರಿ ಆರ್ನ್‌ಸ್ಟೈನ್ ಎಂಬ ಅಮೆರಿಕದ ಚಿಂತಕಿ 1969ರ ತಮ್ಮ ಪ್ರಬಂಧದಲ್ಲಿ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ತೋರಿಸಿದ್ದಾರೆ. ಕೆಳಗಿನ ಎರಡು ಮೆಟ್ಟಿಲು ಬರೀ ತೋರಿಕೆ. ಮೂರನೆಯದು ಮಾಹಿತಿ ಕೊಡುವುದು, ನಾಲ್ಕನೆಯದು ಅಭಿಪ್ರಾಯ ಕೇಳುವುದು, ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ಜನರ ಕೈಗೆ ನಿಜವಾದ ಅಧಿಕಾರ. ನಮ್ಮಲ್ಲಿ ಕಾಯ್ದೆ ನಾಲ್ಕನೇ ಮೆಟ್ಟಿಲಲ್ಲಿದೆ. ಗಡಿಭಾಗದ ಓದುಗ ಮೂರನೆಯದನ್ನೇ ಹತ್ತಿರುವುದಿಲ್ಲ. ಮಾಹಿತಿ ಕೊಟ್ಟಾಯಿತು ಅನ್ನೋದಕ್ಕೂ ಮಾಹಿತಿ ತಲುಪಿತು ಅನ್ನೋದಕ್ಕೂ ವ್ಯತ್ಯಾಸ ಇದೆಯಲ್ಲ, ನಾನು ಹೇಳಬೇಕಾದ್ದು ಅದನ್ನೇ.

ಪ್ರದೇಶ ಎಲ್ಲಿಗೆ ಮುಗಿಯುತ್ತೆ?

ಓದುಗನ ಸಮಸ್ಯೆ ಒಂದಾದರೆ, ಪಠ್ಯದ ಅಂಚಿನ ಸಮಸ್ಯೆ ಇನ್ನೊಂದು. ‘ಪ್ರಾದೇಶಿಕ ಯೋಜನೆ’ಯಲ್ಲಿ ಪ್ರದೇಶ ಅಂದ್ರೆ ಯಾವುದು?

ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಮುಖ್ಯರು. ಸ್ಕಾಟ್ಲೆಂಡಿನವರು, ಓದಿದ್ದು ಜೀವಶಾಸ್ತ್ರ. 1914ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಹಲವಾರು ಊರುಗಳನ್ನು ಕಾಲ್ನಡಿಗೆಯಲ್ಲಿ ನೋಡಿ ವರದಿ ಬರೆದರು. 1919ರಿಂದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮೊದಲು ಸಮೀಕ್ಷೆ, ಆಮೇಲೆ ಯೋಜನೆ ಎಂಬುದು ಅವರ ಪಟ್ಟು. ಅವರ ಪ್ರಸಿದ್ಧ ಚಿತ್ರವೊಂದಿದೆ. ಬೆಟ್ಟದ ತುದಿಯಿಂದ ಕಡಲಿನವರೆಗೆ ನದಿಯ ಕಣಿವೆಯನ್ನು ಉದ್ದಕ್ಕೆ ಸೀಳಿ, ಎಲ್ಲೆಲ್ಲಿ ಯಾವ ಕಸುಬು, ಎಂಥ ಊರು ಅಂತ ತೋರಿಸುವ ಚಿತ್ರ. ಊರನ್ನು ಅದರ ಕಣಿವೆಯಿಂದ ಬಿಡಿಸಿ ನೋಡಬಾರದು ಅನ್ನೋದು ಅದರ ಅರ್ಥ.

ಆ ಚಿತ್ರವನ್ನು ನಮ್ಮ ಸೀಮೆಗೆ ತಂದು ನೋಡೋಣ. ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಕಡೆ ಹುಟ್ಟಿ, ಹೊಸಕೋಟೆಯ ಮೇಲೆ ಹರಿದು, ಗಡಿ ದಾಟಿ ಹೊಸೂರಿನ ಹತ್ತಿರದ ಕೆಲವರಪಲ್ಲಿ ಜಲಾಶಯಕ್ಕೆ ಬರುತ್ತೆ. ಅಲ್ಲಿಂದ ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ಹಾದು ಕಡಲೂರಿನ ಬಳಿ ಸಮುದ್ರ ಸೇರುತ್ತೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರು ಸೇರುವುದೂ ಇದೇ ನದಿಗೆ. ಕೆಲವರಪಲ್ಲಿಯಲ್ಲಿ ಆಳೆತ್ತರದ ಬಿಳಿ ನೊರೆ ನಿಂತ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರ್ತೀರಿ. ಗೆಡ್ಡಿಸ್ ಕಣ್ಣಲ್ಲಿ ಇದು ಒಂದೇ ಕಣಿವೆ, ಒಂದೇ ಪ್ರದೇಶ. ಕಡತದಲ್ಲಿ ಎರಡು.

ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಾಯ್ದೆ 1985ರದು. ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರದ ಸೀಮೆ ಸೇರಿ ಸುಮಾರು 8,000 ಚದರ ಕಿಲೋಮೀಟರ್ ಅದರ ವ್ಯಾಪ್ತಿ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರು ಅದರಲ್ಲಿಲ್ಲ. ಅತ್ತಿಬೆಲೆ ದಾಟಿದರೆ ನಕ್ಷೆ ಬಿಳಿ. ಆದರೆ ಹೊಸೂರನ್ನು ಬೆಳೆಸಿದ್ದೇ ಆ ಸಾಮೀಪ್ಯ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಆಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಬಂದವು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಬೆಳಗ್ಗೆ ಅತ್ತಿಬೆಲೆಯ ದಾರಿಯಲ್ಲಿ ನಿಂತರೆ ಕೆಲಸಕ್ಕೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಹೋಗುವವರು ಕಾಣ್ತಾರೆ. 2025ರಲ್ಲಿ ಶುರುವಾದ ನಮ್ಮ ಮೆಟ್ರೊ ಹಳದಿ ಮಾರ್ಗವೂ ಗಡಿ ಮುಟ್ಟದೆ ಬೊಮ್ಮಸಂದ್ರದಲ್ಲೇ ನಿಲ್ಲುತ್ತೆ.

ರಾಜ್ಯಗಳ ಗಡಿ ದಾಟಿ ಯೋಜನೆ ಮಾಡೋದು ಆಗದ ಕೆಲಸವೇನಲ್ಲ. ದೆಹಲಿ ಸುತ್ತಿನ ರಾಷ್ಟ್ರ ರಾಜಧಾನಿ ಪ್ರದೇಶ ಯೋಜನಾ ಮಂಡಳಿಗೆ 1985ರಲ್ಲೇ ಸಂಸತ್ತು ಕಾಯ್ದೆ ಮಾಡಿದೆ. ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳ ಜಿಲ್ಲೆಗಳು ಅದರೊಳಗಿವೆ. ಆ ಮಂಡಳಿ ಎಲ್ಲವನ್ನೂ ಸರಿ ಮಾಡಿದೆ ಅಂತ ನಾನು ಹೇಳ್ತಾ ಇಲ್ಲ. ಪ್ರದೇಶ ದೊಡ್ಡದು, ರಾಜ್ಯದ ಗೆರೆ ಅದರೊಳಗೆ ಹಾದುಹೋಗಿದೆ ಅಂತ ಒಪ್ಪಿಕೊಂಡ ಕಾನೂನು ಈ ದೇಶದಲ್ಲಿದೆ ಅಂತಷ್ಟೆ.

ಹೆಸರುಗಳೂ ಸಮೀಕ್ಷೆಯೇ

ಸಮೀಕ್ಷೆ ಮೊದಲು ಅಂದ ಗೆಡ್ಡಿಸ್ ಮಾತಿಗೆ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಒಂದನ್ನು ಸೇರಿಸಬಹುದು. ಊರಿನ ಹೆಸರೂ ಒಂದು ಹಳೆಯ ಸಮೀಕ್ಷೆ. ಬೊಮ್ಮಸಂದ್ರ, ಸಿಂಗಸಂದ್ರ, ನಮ್ಮ ಕಡೆಯ ಗೋಪಸಂದ್ರ ಇವುಗಳ ‘ಸಂದ್ರ’ ಅಂದ್ರೆ ‘ಸಮುದ್ರ’, ದೊಡ್ಡ ಕೆರೆ. ಹೆಸರೇ ಇಲ್ಲಿ ನೀರು ನಿಲ್ಲುತ್ತೆ ಅಂತ ಹೇಳ್ತಾ ಇದೆ. ತಮಿಳು ದಾಖಲೆಯಲ್ಲಿ ಗೋಪಸಂದ್ರ ಗೋಪಸಂದಿರಂ ಆಗುತ್ತೆ. ಅದು ತಪ್ಪಲ್ಲ, ಆ ಲಿಪಿಯ, ಆ ನಾಲಿಗೆಯ ರೀತಿ. ಆದರೆ ಹೆಸರಿನೊಳಗಿನ ಕೆರೆ ಕಾಣದ ಕಣ್ಣಿಗೆ ಅದು ಬರೀ ಹೆಸರು, ಬಡಾವಣೆ ಮಾಡಬಹುದಾದ ಸಮತಟ್ಟು ಜಾಗ.

ಜಮೀನಿನ ಪದಗಳೂ ಹಾಗೇ. ಗಡಿಯ ಆ ಕಡೆ ಪಹಣಿ, ಈ ಕಡೆ ಚಿಟ್ಟಾ, ಅಡಂಗಲ್. ಆ ಕಡೆ ತರಿ, ಖುಷ್ಕಿ. ಈ ಕಡೆ ನಂಜೈ, ಪುಂಜೈ. ಆ ಕಡೆ ಖರಾಬು, ಈ ಕಡೆ ಪೊರಂಬೋಕು. ಎರಡೂ ಕಡೆ ಹೊಲ ಇರುವ ಮನೆಗಳಿಗೆ ಇವೆಲ್ಲ ಬಾಯಿಪಾಠ. ಉಳಿದವರಿಗೆ ‘ಏರಿ ಪೊರಂಬೋಕು’ ಅಂದ್ರೆ ಕಟ್ಟೆಯ ಸರ್ಕಾರಿ ಜಾಗವೋ, ಇಡೀ ಕೆರೆಯಂಗಳವೋ? ಎರಡನೆಯದು.

ಏನು ಮಾಡಬಹುದು?

ಸಂವಿಧಾನದ 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗೆ ವಿಶೇಷಾಧಿಕಾರಿ ಇದ್ದಾರೆ. 1956ರ ಕೇಂದ್ರದ ಜ್ಞಾಪನಪತ್ರ, 1961ರ ಮುಖ್ಯಮಂತ್ರಿಗಳ ಸಮ್ಮೇಳನ ಇವುಗಳಲ್ಲಿ ಒಪ್ಪಿದ ರಕ್ಷಣೆಗಳಲ್ಲಿ ಒಂದು ನಮಗೆ ನೇರವಾಗಿ ಸಂಬಂಧಿಸಿದ್ದು. ಒಂದು ಪ್ರದೇಶದ ಜನರಲ್ಲಿ ಶೇ. 15ರಿಂದ 20ರಷ್ಟು ಮಂದಿಯ ಭಾಷೆ ಬೇರೆಯಾಗಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು. ಒಬ್ಬರ ಮನೆ, ಹೊಲದ ಮೇಲೆ ಗೆರೆ ಎಳೆಯುವ ಪ್ರಕಟಣೆಗಿಂತ ಮುಖ್ಯವಾದದ್ದು ಯಾವುದಿದೆ? ಇದೇ ಮಾತು ಕರ್ನಾಟಕದೊಳಗಿನ ತಮಿಳು, ತೆಲುಗು, ಮರಾಠಿ ಊರುಗಳಿಗೂ ಸಲ್ಲಬೇಕು. ನಮಗೆ ಬೇಕಾದ್ದನ್ನು ಇನ್ನೊಬ್ಬರಿಗೆ ಬೇಡ ಅನ್ನೋಕಾಗಲ್ಲ.

ಅಷ್ಟರಲ್ಲಿ ನಾವು ಸುಮ್ಮನೆ ಕೂರಬೇಕಿಲ್ಲ. 1965ರಲ್ಲಿ ಪಾಲ್ ಡೇವಿಡಾಫ್ ಎಂಬ ಯೋಜನಾ ತಜ್ಞರು, ವಕೀಲರು ಕಕ್ಷಿದಾರನ ಪರ ನಿಲ್ಲುವಂತೆ ದನಿ ಇಲ್ಲದವರ ಪರ ನಿಲ್ಲುವ ಯೋಜಕರು ಬೇಕು ಅಂದರು. ನಾವು ಯೋಜಕರಲ್ಲ, ಆದರೆ ಓದಿ ಹೇಳಬಲ್ಲೆವು. ಕರಡು ಬಂದ ಎರಡು ತಿಂಗಳೊಳಗೆ ಊರ ಕಟ್ಟೆ ಮೇಲೆ ಕೂತು ಸರ್ವೇ ನಂಬರ್ ಸಮೇತ ಅದನ್ನು ಕನ್ನಡದಲ್ಲಿ ಓದಿ ಹೇಳೋದು ಒಂದು ಕೆಲಸ. ಮೂರು ಭಾಷೆಯಲ್ಲಿ ನೂರು ಪದಗಳ ಒಂದು ಪಟ್ಟಿ ಮಾಡೋದು ಇನ್ನೊಂದು. ನನ್ನ ಪಟ್ಟಿಯ ಮೊದಲ ಪದ ‘ಏರಿ’.

ಮಾತು ಮುಗಿದ ಮೇಲೆ ಒಬ್ಬ ಅಧ್ಯಾಪಕರು, ತಮಿಳನ್ನು ಚೆನ್ನಾಗಿ ಕಲಿತರೆ ಇದೆಲ್ಲ ತೀರುವುದಿಲ್ಲವೇ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಕಲಿಯಲೇಬೇಕು, ನಾನೂ ಕಲಿತಿದ್ದೀನಿ. ಆದರೆ ನಮ್ಮ ಪಕ್ಕದ ಹೊಲದವರು ತಮಿಳರು. ಅವರಿಗೆ ಏರಿ ಯಾವುದು ಅಂತ ಸರಿಯಾಗಿ ಗೊತ್ತಿತ್ತು. ‘ವಿವರವಾದ ಅಭಿವೃದ್ಧಿ ಯೋಜನೆ’ ಅಂದ್ರೆ ಏನು, ಆಕ್ಷೇಪಣೆ ಯಾರಿಗೆ ಬರೀಬೇಕು ಅಂತ ಗೊತ್ತಿರಲಿಲ್ಲ. ಅವರ ಹೊಲದಲ್ಲೂ ಕಲ್ಲು ಇದೆ. ಭಾಷೆಯ ಗೋಡೆ ದಾಟಿದರೆ ಅಲ್ಲಿ ಇನ್ನೊಂದು ಗೋಡೆ ಇರುತ್ತೆ. ಗಡಿಭಾಗದವರಿಗೆ ಎರಡನ್ನೂ ದಾಟಬೇಕು, ಅಷ್ಟೇ ವ್ಯತ್ಯಾಸ.

ಕೊನೆಯದಾಗಿ ಒಂದು ಮಾತು. ಅದೇ ಕಾಯ್ದೆಯ 38ನೇ ಕಲಂ ಪ್ರಕಾರ, ಯೋಜನೆಗಾಗಿ ಗುರುತಿಸಿದ ಜಮೀನನ್ನು ಮೂರು ವರ್ಷದೊಳಗೆ ಸ್ವಾಧೀನಕ್ಕೆ ಘೋಷಿಸದಿದ್ದರೆ, ಒಪ್ಪಂದದಿಂದಲೂ ಕೊಳ್ಳದಿದ್ದರೆ, ಅದು ಬಿಡುಗಡೆಯಾದಂತೆ. ಇದನ್ನು ತಾತನಿಗೆ ಯಾರೂ ಹೇಳಿರಲಿಲ್ಲ. ಕಾಯ್ದೆಯ ಇಂಗ್ಲಿಷ್ ಪಠ್ಯ ಓದಿ ನಾನೇ ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಗೋಡೆಯ ಕ್ಯಾಲೆಂಡರ್ ತಂದು, ‘ಆ ಮೂರು ವರ್ಷ ಯಾವತ್ತಿಗೆ ಮುಗಿಯುತ್ತೆ, ಇದರ ಹಿಂದೆ ಬರಿ’ ಅಂದರು. ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೊಟ್ಟಿದ್ದೀನಿ. ಕಲ್ಲು ಅಲ್ಲೇ ಇದೆ. ಈ ಸಲವೂ ಅದರ ಸುತ್ತ ರಾಗಿ ಬಿತ್ತಿದ್ದಾರೆ.