ಇಂಜಿನ್ ಕೆಟ್ಟಿಲ್ರೀ, ಪೆಟ್ರೋಲ್ ಕೆಟ್ಟೈತಿ

ಗಬ್ಬೂರ ಬೈಪಾಸಿನ ಬದಿ ನಿಂತು ದೋಣಿ ಎಂಜಿನ್ನಿನ ಮಾತು ತೆಗೆದರೆ ಕೇಳಿದವರು ಹುಬ್ಬೇರಿಸುವುದು ಸಹಜ. ಇಲ್ಲಿ ಹೊಳೆಯಿಲ್ಲ. ಎರೆಹೊಲ ಇದೆ, ನರೇಂದ್ರದ ಕಡೆ ಓಡುವ ಲಾರಿಗಳಿವೆ. ಆದರೆ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆ ಹಾದು ಮಲಪ್ರಭೆ ಸೇರುವ ಬೆಣ್ಣೆಹಳ್ಳ ನಮಗೇನೂ ದೂರದ್ದಲ್ಲ. 2019ರ ಆಗಸ್ಟಿನಲ್ಲಿ ಹಳ್ಳವೂ ಹೊಳೆಯೂ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿನಂಥ ಊರುಗಳಿಗೆ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ರಬ್ಬರ್ ದೋಣಿ, ಅದರ ಹಿಂಬದಿಗೆ ಸ್ಕ್ರೂ ಬಿಗಿದು ಕೂರಿಸುವ ಔಟ್‌ಬೋರ್ಡ್ ಎಂಜಿನ್.

ಈ ಎಂಜಿನ್ನಿಗೆ ವರ್ಷದ ಬಹುಪಾಲು ಕೆಲಸವೇ ಇರುವುದಿಲ್ಲ, ಗೋದಾಮಿನ ಮೂಲೆಯಲ್ಲಿ ಕೂತಿರುತ್ತದೆ. ಕರೆ ಬಂದ ದಿನ ಹಗ್ಗ ಎಳೆದು ಎಳೆದು ತೋಳು ಸೋತರೂ ಚಾಲೂ ಆಗುವುದಿಲ್ಲ. ಆಗ ಎಲ್ಲರೂ ಕಾಯಿಲ್ ನೋಡುತ್ತಾರೆ, ಪ್ಲಗ್ ಬದಲಿಸುತ್ತಾರೆ, ‘ಇಂಜಿನ್ ಹೋಗೈತಿ’ ಅನ್ನುತ್ತಾರೆ. ಎಂಜಿನ್ ಬಿಚ್ಚುವ ಮೊದಲು ಟ್ಯಾಂಕ್ ನೋಡಬೇಕು ಎಂಬುದೇ ನನ್ನ ವಾದ. ಇಂಥ ಎಂಜಿನ್‌ಗಳಿಗೆ ರೋಗ ಅಂಟುವುದು ಓಡುವಾಗ ಕಡಿಮೆ, ಸುಮ್ಮನೆ ಕೂತಾಗಲೇ ಹೆಚ್ಚು.

‘ಪೆಟ್ರೋಲ್ ಏನು ಹಾಲೇ, ಕೆಡೋದಕ್ಕ?’ ಎಂಬ ನಂಬಿಕೆಯೇ ಮೊದಲನೆಯ ಅಡ್ಡಿ. ಪೆಟ್ರೋಲ್ ಕೆಡುತ್ತದೆ. ಬೇಗ ಹೊತ್ತಿಕೊಳ್ಳುವ ಅದರ ಹಗುರ ಅಂಶ ಮೊದಲು ಹಾರಿಹೋಗುತ್ತದೆ. ಉಳಿದದ್ದು ಗಾಳಿಯ ಜೊತೆ ಸೇರಿ ನಿಧಾನಕ್ಕೆ ಅಂಟಾಗುತ್ತದೆ. ಕಾರ್ಬುರೇಟರಿನಲ್ಲಿ ಉಳಿದ ನಾಲ್ಕು ಚಮಚ ಪೆಟ್ರೋಲ್ ಟ್ಯಾಂಕಿನದಕ್ಕಿಂತ ಬೇಗ ಕೆಡುತ್ತದೆ, ಸೂಜಿ ಮೊನೆಯಷ್ಟು ಸಣ್ಣ ಐಡಲ್ ಜೆಟ್ಟನ್ನು ಮುಚ್ಚಿಬಿಡುತ್ತದೆ. ಆಮೇಲೆ ಎಂಜಿನ್ ವೇಗದಲ್ಲಿ ಚೆನ್ನಾಗಿ ಓಡುತ್ತದೆ, ಸ್ಲೋ ಮಾಡಿದ ಕೂಡಲೇ ಬಂದ್ ಬೀಳುತ್ತದೆ, ಚೋಕ್ ಎಳೆದರೆ ಮಾತ್ರ ಜೀವ ಹಿಡಿಯುತ್ತದೆ. ಚೋಕ್ ಎಳೆದಾಗ ಸುಧಾರಿಸಿತೆಂದರೆ ಎಂಜಿನ್ನಿಗೆ ಎಣ್ಣೆ ಸಾಲುತ್ತಿಲ್ಲ ಎಂದರ್ಥ. ಇಲ್ಲಿ ಸ್ಕ್ರೂ ತಿರುವುತ್ತ ಟ್ಯೂನಿಂಗ್ ಮಾಡುತ್ತ ಕೂತರೆ ಗುಣ ಕಾಣುವುದಿಲ್ಲ. ಜೆಟ್ ಬಿಚ್ಚಿ ತೊಳೆಯಬೇಕು. ಎತ್ತಿಡುವ ಮೊದಲು, ಎಂಜಿನ್ ನೀರಿನಲ್ಲಿ ಓಡುತ್ತಿರುವಾಗಲೇ ಪೆಟ್ರೋಲ್ ಪೈಪ್ ಕಳಚಿ, ಅದು ತಾನಾಗಿ ನಿಲ್ಲುವವರೆಗೆ ಬಿಟ್ಟರೆ ಕಾರ್ಬುರೇಟರ್ ಹೆಚ್ಚುಕಡಿಮೆ ಖಾಲಿಯಾಗುತ್ತದೆ. ನೀರಿಲ್ಲದೆ ಮಾತ್ರ ಓಡಿಸಬಾರದು, ನೀರೆತ್ತುವ ಪಂಪಿನ ರಬ್ಬರ್ ರೆಕ್ಕೆ ಸುಟ್ಟುಹೋಗುತ್ತದೆ.

ಈಗ ಎಲ್ಲರ ಬಾಯಲ್ಲಿರುವ ಎಥೆನಾಲ್ ವಿಷಯಕ್ಕೆ ಬರೋಣ. ಶೇ 20 ಎಥೆನಾಲ್ ಬೆರೆತ ಪೆಟ್ರೋಲನ್ನು ದೇಶಕ್ಕೆ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬು ಕೂಡ ಇಂದು ನಮ್ಮ ಟ್ಯಾಂಕ್ ಸೇರುತ್ತಿದೆ. ‘ಎಥೆನಾಲ್ ಗಾಳಿಯೊಳಗಿನ ನೀರು ಹೀರಿ ರಾತ್ರೋರಾತ್ರಿ ಪೆಟ್ರೋಲ್ ಕೆಡಿಸುತ್ತದೆ’ ಎಂಬ ಮಾತು ಅರ್ಧ ನಿಜ. ಎಥೆನಾಲ್ ನೀರನ್ನು ಸೆಳೆಯುವುದು ಹೌದು, ಆದರೆ ಮುಚ್ಚಳದ ಸಣ್ಣ ಗಾಳಿಕಿಂಡಿಯಿಂದ ಹಾಗೆ ಸೇರುವ ನೀರು ತೀರ ನಿಧಾನ. ದೋಣಿಯ ಟ್ಯಾಂಕಿಗೆ ನೀರು ಹೆಚ್ಚಾಗಿ ಸೇರುವುದು ನೇರವಾಗಿಯೇ: ಮಳೆಯಲ್ಲಿ ಮುಚ್ಚಳ ತೆಗೆದು ತುಂಬುವಾಗ, ಸವೆದ ವಾಷರಿನ ಸಂದಿಯಿಂದ, ಒದ್ದೆ ಡಬ್ಬಿಯಿಂದ ಸುರಿಯುವಾಗ. ಸ್ವಲ್ಪ ನೀರನ್ನು ಎಥೆನಾಲ್ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಶೇ 10ರ ಮಿಶ್ರಣಕ್ಕೆ ಆ ಮಿತಿ 10 ಲೀಟರಿಗೆ ಸುಮಾರು 50 ಮಿಲಿ, ಶೇ 20ರದಕ್ಕೆ ಇನ್ನಷ್ಟು. ಮಿತಿ ದಾಟಿತೋ, ಅಥವಾ ಮಿತಿಯ ಅಂಚಿನಲ್ಲಿದ್ದ ಪೆಟ್ರೋಲ್ ರಾತ್ರಿ ಚಳಿಗೆ ತಣಿಯಿತೋ, ನೀರು ಎಥೆನಾಲನ್ನೂ ಸೆಳೆದುಕೊಂಡು ತಳಕ್ಕೆ ಇಳಿಯುತ್ತದೆ. ಎಣ್ಣೆ ಎಳೆಯುವ ನಳಿಗೆಯ ಬಾಯಿ ಇರುವುದೂ ಅದೇ ತಳದಲ್ಲಿ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇದು ಪ್ರಾಣಕ್ಕೇ ಸಂಚಕಾರ. ನಾವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ನಿಗೆ ಹೋಗುವ ತಳದ ಪದರದಲ್ಲಿ ಜಿಡ್ಡೇ ಇರುವುದಿಲ್ಲ. ಪಿಸ್ಟನ್ ಹಿಡಿದುಕೊಂಡ ಮೇಲೆ ದೂರು ಕಂಪನಿಯ ಮೇಲೆ. ‘ನೀರು ತೆಗೆಯುವ ದ್ರಾವಣ’ ಎಂದು ಮಾರುವ ಬಾಟಲಿಗಳಿಂದ ಹೀಗೆ ಒಡೆದ ಪೆಟ್ರೋಲ್ ಮತ್ತೆ ಕೂಡುವುದಿಲ್ಲ. ಮೇಲಿನದನ್ನು ಬಸಿದು ಬಳಸುತ್ತೇನೆ ಎನ್ನುವವರೂ ಇದ್ದಾರೆ, ಆದರೆ ಎಥೆನಾಲ್ ಕಳೆದುಕೊಂಡ ಆ ಪೆಟ್ರೋಲಿನ ಆಕ್ಟೇನ್ ಇಳಿದಿರುತ್ತದೆ. ಪೂರ್ತಿ ತೆಗೆದು, ಟ್ಯಾಂಕ್ ಒಣಗಿಸಿ, ಹೊಸದು ತುಂಬುವುದೊಂದೇ ದಾರಿ.

ಪರೀಕ್ಷೆ ಸುಲಭ. ಟ್ಯಾಂಕನ್ನು ಅಲುಗಿಸದೆ, ತಳಮುಟ್ಟ ಪೈಪ್ ಇಳಿಸಿ, ಬಿಳಿ ಗಾಜಿನ ಬಾಟಲಿಗೆ ಒಂದಿಷ್ಟು ಎಳೆದುಕೊಳ್ಳಿ. ಬಾಯಿಂದ ಹೀರಬೇಡಿ, ಕೈಪಂಪ್ ಬಳಸಿ. ಬಾಟಲಿಯನ್ನು ನೆರಳಲ್ಲಿ, ಬೀಡಿ-ಬೆಂಕಿಯಿಂದ ದೂರ, ಒಂದು ತಾಸು ಇಡಿ. ಕೆಟ್ಟಿದ್ದರೆ ನಡುವೆ ಸ್ಪಷ್ಟ ಗೆರೆ ಕಾಣುತ್ತದೆ, ಮೇಲೆ ಪೆಟ್ರೋಲಿನ ಬಣ್ಣ, ಕೆಳಗೆ ಬೇರೆಯೇ ಪದರ. ರಕ್ಷಣಾ ದೋಣಿ ಇಟ್ಟುಕೊಂಡ ಪ್ರತಿಯೊಂದು ಠಾಣೆಯಲ್ಲೂ ಮಳೆಗಾಲಕ್ಕೆ ಮುಂಚೆ ಈ ಬಾಟಲಿ ಪರೀಕ್ಷೆ ಆಗಬೇಕು. ಮೂರು ತಿಂಗಳು ದಾಟಿದ ಪೆಟ್ರೋಲನ್ನು ನೆಚ್ಚಿ ಜನರನ್ನು ಕರೆತರಲು ಹೊರಡಬಾರದು.

‘ಆಯಿಲ್ ಒಂದು ಪಾಲು ಹೆಚ್ಚಿಗೆ ಹಾಕಿದರೆ ಎಂಜಿನ್ನಿಗೆ ತಂಪು’ ಎಂಬುದೂ ತಪ್ಪು. ಅನೇಕ ಔಟ್‌ಬೋರ್ಡ್‌ಗಳಿಗೆ ಲೀಟರಿಗೆ 20 ಮಿಲಿ, ಅಂದರೆ 50ಕ್ಕೆ 1, ಸಾಕು. ನಿಮ್ಮದಕ್ಕೆ ಎಷ್ಟು ಎಂಬುದು ಅದರ ಕೈಪಿಡಿಯಲ್ಲಿ ಇರುತ್ತದೆ. ಹೆಚ್ಚು ಸುರಿದರೆ ಪ್ಲಗ್ ಕಪ್ಪಾಗುತ್ತದೆ, ಮಸಿ ಕಟ್ಟುತ್ತದೆ. ಆಯಿಲ್ ಜಾಗ ಹಿಡಿದಷ್ಟೂ ಜೆಟ್ಟಿನಲ್ಲಿ ಹರಿಯುವ ಪೆಟ್ರೋಲ್ ಕಡಿಮೆಯಾಗುತ್ತದೆ. ಬೈಕಿನ ಟೂ-ಟಿ ಆಯಿಲ್ ಬೇಡ. ನೀರಿನಿಂದ ತಣಿಯುವ ಎಂಜಿನ್ನಿಗೆ ಟಿಸಿ-ಡಬ್ಲ್ಯೂ3 ಗುರುತಿನದೇ ಬೇಕು.

ಕರಾವಳಿಯಿಂದ ಬಂದ ನಂಬಿಕೆಯೊಂದಿದೆ: ‘ಅವರು ಚಿಮಣಿ ಎಣ್ಣಿ ಹಾಕಿ ಓಡಸ್ತಾರ, ನಮಗೇನು?’ ಅಲ್ಲಿನ ನಾಡದೋಣಿಗಳ ಎಂಜಿನ್ ಸೀಮೆಎಣ್ಣೆಗೆಂದೇ ಮಾಡಿದ್ದು, ಅದರ ಒತ್ತಡ ಕಡಿಮೆ. ಚಾಲೂ ಮಾಡುವುದು ಪೆಟ್ರೋಲಿನಲ್ಲಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ. ಮರೆತರೆ ಮರುದಿನ ತಣ್ಣನೆಯ ಎಂಜಿನ್ ಹೊತ್ತಿಕೊಳ್ಳದು. ಜೂನ್-ಜುಲೈನ ಮೀನುಗಾರಿಕೆ ನಿಷೇಧದಲ್ಲೂ 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿದೆ. ಆ ಅಲೆಗಳ ನಡುವೆ ಅಳಿವೆ ದಾಟುವಾಗ ಎಂಜಿನ್ ನಿಂತರೆ ದೋಣಿ ಮಗುಚುತ್ತದೆ ಎಂಬುದು ಅವರಿಗೆ ಗೊತ್ತು, ಆದ್ದರಿಂದಲೇ ಈ ಕ್ರಮವನ್ನು ತಪ್ಪಿಸುವುದಿಲ್ಲ. ನಮ್ಮ ಪೆಟ್ರೋಲ್ ಎಂಜಿನ್ನಿಗೆ ಅದೇ ಎಣ್ಣೆ ಬೆರೆಸಿದರೆ ಅದು ಬಡಿದುಕೊಳ್ಳುತ್ತದೆ, ಫೋರ್-ಸ್ಟ್ರೋಕ್ ಆದರೆ ಒಳಗಿನ ಆಯಿಲ್ ಕೂಡ ತೆಳುವಾಗುತ್ತದೆ.

ಕೊನೆಗೆ, ಐದು ನಿಮಿಷ ಓಡಿ ನಿಲ್ಲುವ ಎಂಜಿನ್. ಇದನ್ನು ‘ಹೀಟ್ ಆಗೈತಿ’ ಎಂದು ಆರಲು ಬಿಡುತ್ತಾರೆ. ಹದಿನೈದು ನಿಮಿಷ ಬಿಟ್ಟು ಚಾಲೂ ಆದಾಗ ನಂಬಿಕೆ ಗಟ್ಟಿಯಾಗುತ್ತದೆ. ತಣಿಸುವ ನೀರು ಹಿಂಬದಿಯಿಂದ ಸರಿಯಾಗಿ ಚಿಮ್ಮುತ್ತಿದ್ದರೆ ಟ್ಯಾಂಕಿನ ಮುಚ್ಚಳ ನೋಡಿ. ಸಾಗಿಸುವಾಗ ಚೆಲ್ಲದಿರಲೆಂದು ಮುಚ್ಚಿದ ಗಾಳಿ ಸ್ಕ್ರೂ ಹಾಗೇ ಉಳಿದಿರುತ್ತದೆ. ಒಳಗೆ ಗಾಳಿ ಬಾರದೆ ಎಣ್ಣೆ ಹೊರಗೆ ಬಾರದು. ಸ್ಕ್ರೂ ಸಡಿಲಿಸಿದಾಗ ಸೊಂಯ್ ಎಂದು ಗಾಳಿ ಒಳಕ್ಕೆ ಎಳೆದುಕೊಂಡರೆ ಕಾರಣ ಸಿಕ್ಕಿತು.

ಅದಲ್ಲದಿದ್ದರೆ ಪೈಪಿನ ನಡುವಿನ ರಬ್ಬರ್ ಬಲ್ಬ್ ಕೈಗೆ ತೆಗೆದುಕೊಳ್ಳಿ. ಬಾಣದ ಗುರುತು ಎಂಜಿನ್ ಕಡೆಗಿರಲಿ, ಮೇಲ್ಮುಖವಾಗಿ ಹಿಡಿದು ಒತ್ತಿ. ಗಟ್ಟಿಯಾದರೆ ಎಣ್ಣೆ ತುಂಬಿದೆ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ. ಓಡುವಾಗ ಚಪ್ಪಟೆಯಾದರೆ ಟ್ಯಾಂಕಿನ ಕಡೆ ಅಡ್ಡಿಯಿದೆ: ಗಾಳಿ ಸ್ಕ್ರೂ, ಜಾಳಿಗೆ, ಅಥವಾ ಒಳಪದರ ಕುಸಿದ ಹಳೆಯ ಪೈಪ್. ಬಲ್ಬ್ ಒತ್ತುತ್ತಿದ್ದಷ್ಟು ಹೊತ್ತು ಮಾತ್ರ ಎಂಜಿನ್ ಓಡಿದರೆ ಹೆಚ್ಚಾಗಿ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಸೋತಿದೆ. ನೀರಿನ ನಡುವೆ ಹೀಗಾದರೆ ಒಬ್ಬರು ಒತ್ತುತ್ತ, ಇನ್ನೊಬ್ಬರು ಹಿಡಿಕೆ ಹಿಡಿದು ದಡ ಮುಟ್ಟಬಹುದು. ಡಯಾಫ್ರಾಮ್ ಬದಲಿಸುವವರೆಗೆ ಆ ದೋಣಿಯನ್ನು ಮತ್ತೆ ಇಳಿಸಬೇಡಿ.